ಕಾಸಿಂನ ಕೈ ಸೇರದ ಗಡಿಯಾರ

ನಾನು ಕಣ್ಣು ಬಿಟ್ಟಿದ್ದು ಬೆಂಗಳೂರಿನ ಒಂದು ಗಡಿಯಾರ ಕಾರ್ಖಾನೆಯಲ್ಲಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಣ್ಣುಮಕ್ಕಳು ಉದ್ದನೆಯ ಮೇಜಿನ ಮುಂದೆ ಕುಳಿತು, ಚಿಮುಟದಲ್ಲಿ ಒಂದೊಂದೇ ಚಕ್ರ ಜೋಡಿಸಿ ನನಗೆ ಜೀವ ಕೊಟ್ಟರು. ಬಿಳಿ ಮುಖ, ಕಪ್ಪು ಅಂಕಿ, ಸ್ಟೀಲಿನ ಚೈನು. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಬೇರೇನೂ ಬೇಡದ ಜಾತಿ ನನ್ನದು.

ಮಂಗಳೂರು ಬಂದರಿನ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಪೂಕೋಯ. ಲಕ್ಷದ್ವೀಪದವರು. ತೆಂಗಿನ ನಾರಿನ ಹಗ್ಗದ ಮಂಡಿಯಲ್ಲಿ ಹನ್ನೆರಡು ವರ್ಷ ದುಡಿದು ಊರಿಗೆ ಮರಳುವವರಿದ್ದರು. ಅವರ ಕೈಯಲ್ಲೇ ನಾನು ಸಮುದ್ರ ದಾಟಿದೆ. ದ್ವೀಪದ ತೆಂಕು ತುದಿಗೆ ಹೋಗುವ ದಾರಿಯಲ್ಲಿ ಅವರು ಚಹಾದಂಗಡಿ ಇಟ್ಟರು. ಮೂವತ್ತು ವರ್ಷ ಆ ಕೈಯ ಬಿಸಿ, ಬೆವರು, ಚಹಾದ ಹಬೆ ಎಲ್ಲವೂ ನನ್ನ ಪಾಲಿಗಿತ್ತು. ಆ ಕೈ ಬಿಟ್ಟು ನಾನು ದೂರ ಹೋದದ್ದು ಒಂದೇ ಸಲ.

ಆಗ ವಾರಕ್ಕೊಮ್ಮೆ ಪ್ರವಾಸಿಗರ ಹಡಗು ಬರುತ್ತಿತ್ತು. ಹವಳದ ದಿಬ್ಬಗಳ ಕಾರಣ ಅದು ದೂರದಲ್ಲೇ ಲಂಗರು ಹಾಕುತ್ತಿತ್ತು; ಜನ ದೋಣಿಗಳಲ್ಲಿ ದಡಕ್ಕೆ ಬರುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಇಳಿದವರು ಸಂಜೆ ನಾಲ್ಕರ ಕಡೆಯ ದೋಣಿ ಹಿಡಿಯಬೇಕು. ಹಾಗೆ ಬಂದವರಲ್ಲಿ ಒಬ್ಬರು ಶಕುಂತಲಾ ಬೆಳವಟಗಿ. ಗದಗಿನ ಶಾಲೆಯಲ್ಲಿ ಭೂಗೋಳ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಹವಳದ ದ್ವೀಪವನ್ನು ಬಳಪದಿಂದ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದರೋ, ಸಮುದ್ರ ಕಂಡದ್ದು ಮಾತ್ರ ಅದೇ ಮೊದಲು. ಜೊತೆಗೆ ಬಂದಿದ್ದ ಗೆಳತಿ ನೀಲಾಂಬಿಕಾ ಮೊಣಕಾಲು ನೋವೆಂದು ಹಡಗಿನಲ್ಲೇ ಉಳಿದಿದ್ದರು.

ತೆಂಕು ತುದಿಗೆ ಹೊರಟವರು ನಮ್ಮ ಅಂಗಡಿಯಲ್ಲಿ ಚಹಾಕ್ಕೆ ಕುಳಿತರು. ಅಂಗಡಿಯವರಿಗೆ ಕನ್ನಡ ಬರುತ್ತದೆಂದು ತಿಳಿದು ಟೀಚರಿಗೆ ಬಹಳ ಖುಷಿಯಾಯಿತು.

“ಒಂದು ಕಡಿ ಶಾಂತ ನೀರು, ಇನ್ನೊಂದು ಕಡಿ ತೆರಿ ಹೊಡಿಯೋ ಸಮುದ್ರ ಅಂತ ಗದಗಿನ ಸಾಲ್ಯಾಗ ಮೂವತ್ತು ವರ್ಷ ಹೇಳೀನ್ರಿ. ಅವೆರಡೂ ಕೂಡೋ ಜಾಗ ಒಮ್ಮೆ ಕಣ್ಣಿಲೆ ನೋಡಬೇಕು.”

“ಅದು ಇನ್ನೂ ಒಂದು ಮೈಲಿ ಉಂಟು. ಗಂಟೆ ನೋಡ್ಲಿಕ್ಕೆ ನಿಮ್ಮ ಹತ್ರ ಏನಾದ್ರೂ ಉಂಟಾ?” ಎಂದರು ಪೂಕೋಯ.

“ಮೊಬೈಲ್ ಹಡಗಿನ್ಯಾಗ ಚಾರ್ಜಿಗೆ ಹಾಕಿ ಬಂದೀನ್ರಿ.”

ಪೂಕೋಯ ನನ್ನನ್ನು ಬಿಚ್ಚಿ ಅವರ ಮುಂದೆ ಹಿಡಿದರು. “ಇದು ಕಟ್ಟಿಕೊಳ್ಳಿ. ಮೂರಕ್ಕೆ ತಿರುಗಿ ಹೊರಡಬೇಕು. ಇಲ್ಲಿಗೆ ಬರುವುದು ಬೇಡ, ದಡದಲ್ಲೇ ನೇರ ಜೆಟ್ಟಿಗೆ ಹೋಗಿ. ಅಲ್ಲಿ ದೋಣಿಯ ಹಗ್ಗ ಹಿಡಿಯುವುದು ನನ್ನ ಮಗಳ ಗಂಡ ಕಾಸಿಂ. ಅವನ ಕೈಯಲ್ಲಿ ಕೊಟ್ಟರೆ ನನಗೆ ಸಿಕ್ಕಿದ ಹಾಗೇ.”

“ಗುರ್ತಿಲ್ಲದವರಿಗೆ ಕೊಡಾಕ ಹತ್ತೀರಲ್ರಿ.”

“ನೀವು ಟೀಚರ್ ಅಲ್ಲವಾ.”

ಆ ಸಣಕಲು ಮಣಿಕಟ್ಟಿನಲ್ಲಿ ನಾನು ಮೊಳಕೈವರೆಗೂ ಜಾರುತ್ತಿದ್ದೆ. ತುದಿ ತಲುಪಿದ ಟೀಚರು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಿಂತರು. ಎಡಕ್ಕೆ ಹಸಿರು ನೀರು ಅಲುಗದೆ ಮಲಗಿತ್ತು. ಬಲಕ್ಕೆ ನೀಲಿ ತೆರೆ ಬಂಡೆಗೆ ಬಡಿದು ಸಿಡಿಯುತ್ತಿತ್ತು. ಎದುರಿಗೆ ಮಕ್ಕಳು ಕುಳಿತಿದ್ದಾರೇನೋ ಎಂಬಂತೆ ಒಬ್ಬರೇ ಪಾಠ ಹೇಳಿಕೊಂಡರು. ನಾನು ಮೂರು ತೋರಿಸಿದೆ. ನೋಡಿ, “ಇನ್ನೈದು ನಿಮಿಷ” ಎಂದರು. ಮತ್ತೆ ನೋಡುವಾಗ ಮೂರೂ ಮುಕ್ಕಾಲು.

ಮರಳಿನಲ್ಲಿ ಬಿದ್ದು ಎದ್ದು ಓಡಿದರು. ಜೆಟ್ಟಿಯಲ್ಲಿ ಹಡಗಿನವರು ಕೂಗುತ್ತಿದ್ದರು. ಗಾಳಿಗೆ ಹಾರದಂತೆ ಸೆರಗನ್ನು ಕೈಗೆಲ್ಲ ಸುತ್ತಿಕೊಂಡಿದ್ದರಿಂದ ನಾನು ಅದರೊಳಗೆ ಹುದುಗಿದ್ದೆ. ಕಾಸಿಂ ಟೀಚರ ಇನ್ನೊಂದು ತೋಳು ಹಿಡಿದು ದೋಣಿಗಿಳಿಸಿ, ಹಗ್ಗ ಬಿಚ್ಚಿ ಎಸೆದ. ಅವನಿಗೂ ನನಗೂ ನಡುವೆ ಇದ್ದದ್ದು ಒಂದು ಮಡಿಕೆ ಬಟ್ಟೆ. ಕೂಗಲು ನನಗೆ ಬಾಯಿಲ್ಲ.

ಅರ್ಧ ದಾರಿಯಲ್ಲಿ ಟೀಚರು ಸೆರಗು ಸರಿಸಿ ನನ್ನನ್ನು ಕಂಡರು. ದೋಣಿ ತಿರುಗಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಇವರಿಂದಲೇ ತಡವಾಯಿತೆಂದು ಎಲ್ಲರೂ ಮುಖ ಗಂಟಿಕ್ಕಿ ಕುಳಿತಿದ್ದರು. ಹಡಗು ಹತ್ತುವಾಗಲಾದರೂ ದೋಣಿಯವರ ಕೈಯಲ್ಲಿ ಕೊಟ್ಟು ಕಳಿಸಬಹುದಿತ್ತು. ಕೊಡಲೋ ಬೇಡವೋ ಎನ್ನುವಷ್ಟರಲ್ಲಿ ದೋಣಿ ಹೊರಟುಹೋಯಿತು.

“ಚಂದ ಐತಲ್ಲ, ಎಲ್ಲೀದು?” ಎಂದು ನೀಲಾಂಬಿಕಾ ಕೇಳಿದರು.

“ಅಲ್ಲೇ… ನೆನಪಿಗಿರಲಿ ಅಂತ ತೊಗೊಂಡೆ.”

ತೊಗೊಳ್ಳುವುದರಲ್ಲಿ ಎರಡು ಬಗೆ. ಯಾವ ಬಗೆಯದು ಎಂದು ಗೆಳತಿ ಕೇಳಲಿಲ್ಲ.

ಗದಗಿನಲ್ಲಿ ನಾನು ಕಪಾಟಿನ ಸೀರೆಗಳ ನಡುವೆ ಸೇರಿದೆ. ಮೊದಲ ವಾರ ಟೀಚರು ಲಕೋಟೆ ತಂದರು. ವಿಳಾಸ ಬರೆಯಹೋದಾಗ ಹೊಳೆಯಿತು, ಆ ಮನುಷ್ಯನ ಹೆಸರನ್ನೇ ಕೇಳಿರಲಿಲ್ಲ. ಚಹಾದಂಗಡಿ ಎಂದೋ ಜೆಟ್ಟಿಯ ಕಾಸಿಂ ಎಂದೋ ಅಷ್ಟೇ ಬರೆದಿದ್ದರೂ ಆ ಪುಟ್ಟ ದ್ವೀಪದಲ್ಲಿ ನಾನು ತಲುಪುತ್ತಿದ್ದೆ. ನಾಳೆ ನೋಡೋಣವೆಂದರು. ತಡವಾದಷ್ಟೂ ನಾಚಿಕೆ ಬೆಳೆಯಿತು, ನಾಚಿಕೆ ಬೆಳೆದಷ್ಟೂ ತಡವಾಯಿತು. ಕೀಲಿಯಿಲ್ಲದೆ ನಾನು ನಿಂತುಹೋದೆ. ಸೀರೆ ತೆಗೆಯುವಾಗ ಅವರ ಕೈ ನನಗೆ ತಾಗಿದರೆ ಬೆಂಕಿ ಮುಟ್ಟಿದಂತೆ ಹಿಂದೆ ಸರಿಯುತ್ತಿತ್ತು.

ಎರಡು ವರ್ಷ ಕಳೆದವು. ನೀಲಾಂಬಿಕಾ ಕಾಲಿಗೆ ಚಿಕಿತ್ಸೆ ಮಾಡಿಸಿಕೊಂಡು, ಮಗನ ಜೊತೆ ಅದೇ ಹಡಗಿನಲ್ಲಿ ಹೋಗಿ ಬಂದರು. ಬಂದವರು ಟೀಚರ ಮನೆಯಲ್ಲಿ ಕುಳಿತು ವರದಿ ಒಪ್ಪಿಸಿದರು.

“ಅಲ್ಲೊಬ್ಬ ಚಾದಂಗಡಿ ಮುದುಕ ಅದಾನ. ನಾವು ಗದಗಿನವರು ಅಂದ ಕೂಡಲೆ ನಿನ್ನ ನೆನಿಸಿದ ನೋಡು. ಟೀಚರಿಗೆ ವಾಚ್ ಕೊಟ್ಟಿದ್ದೆ, ಅವರು ತಪ್ಪದೆ ಜೆಟ್ಟಿಯೊಳಗ ಕೊಟ್ಟು ಹೋಗ್ಯಾರ, ನನ್ನ ಅಳಿಯನಽ ಅದನ್ನ ತಿಂದು ಕುಂತ ಅಂದ. ಅಳಿಯ ಆಣಿ ಮಾಡಿದ್ರೂ ನಂಬಿಲ್ಲಂತ. ಟೀಚರ್ ಆದವರು ಹಂಗ ಮಾಡೂದಿಲ್ಲ ಅಂತಾನ. ಇಬ್ಬರಿಗೂ ಮಾತಿಲ್ಲ ಈಗ. ಮಗಳು ಗಂಡನ ಕೂಡ ದ್ವೀಪದ ಆ ತುದಿಗೆ ಹೋಗ್ಯಾಳ.”

ಶಕುಂತಲಾ ಟೀಚರು ಎದ್ದು ಹೋಗಿ ನನ್ನನ್ನು ತಂದು ಗೆಳತಿಯ ಮುಂದಿಟ್ಟರು.

“ಅಳಿಯ ತಿಂದಿಲ್ಲ ನೀಲಾ. ನಾನು ತಿಂದೀನಿ.”

ಮುಂದಿನ ತಿಂಗಳು ನಾವು ಮತ್ತೆ ಆ ದ್ವೀಪದಲ್ಲಿ ಇಳಿದೆವು. ಆ ಸಲ ಟೀಚರು ಸಮುದ್ರದ ಕಡೆ ತಲೆಯೆತ್ತಿಯೂ ನೋಡಲಿಲ್ಲ. ನೇರ ಅಂಗಡಿಗೆ ಹೋಗಿ ನನ್ನನ್ನು ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದರು. ಪೂಕೋಯ ನನ್ನನ್ನು ಮುಟ್ಟಲಿಲ್ಲ. ಒಬ್ಬರನ್ನು ಕರೆದು ಕಾಸಿಂಗೆ ಹೇಳಿ ಕಳಿಸಿದರು.

ಕಾಸಿಂ ಬಂದು ಬಾಗಿಲಲ್ಲೇ ನಿಂತ. ಅವನಿಗೆ ಕನ್ನಡ ಬಾರದು. ಅವರ ಭಾಷೆಯಲ್ಲಿ ಪೂಕೋಯ ಎಲ್ಲ ತಿಳಿಸಿದ ಮೇಲೆ ಅವನು ಟೀಚರನ್ನು ನೋಡುತ್ತ ಎರಡೇ ಮಾತು ಆಡಿದ. ಅದನ್ನು ಕನ್ನಡಕ್ಕೆ ತರಬೇಕಾದವರೂ ಪೂಕೋಯರೇ. ಅವರು ಹೇಳಿದರು:

“ನಿಮ್ಮದು ಮರೆವು ಅಂತೆ ಟೀಚರ್. ಮಾವನಾದ ನನ್ನದು ಮರೆವಲ್ಲ ಅಂತೆ.”

“ಮರೆವು ಇದ್ದದ್ದು ಆ ಒಂದು ತಾಸು ಅಷ್ಟೇ ಅಂತ ಹೇಳ್ರಿ ಅವಂಗ,” ಎಂದರು ಟೀಚರು. “ಆಮ್ಯಾಲಿನ ಎರಡು ವರ್ಷ ಮರೆವಲ್ಲ. ಹಂಗಽ ಹೇಳ್ರಿ, ಏನೂ ಬಿಡಬ್ಯಾಡ್ರಿ.”

ಪೂಕೋಯ ಹೇಳಿದರು. ಕಾಸಿಂ ನೆಲ ನೋಡಿದ. ಮುದುಕರು ನನ್ನನ್ನು ಎತ್ತಿ ಅವನ ಕೈಗೆ ಕಟ್ಟಿದರು. ಕಟ್ಟುವವರೆಗೂ ಕೈ ಒಡ್ಡಿದ್ದ ಕಾಸಿಂ, ಆಮೇಲೆ ತಾನೇ ನನ್ನನ್ನು ಬಿಚ್ಚಿ ಸಕ್ಕರೆ ಡಬ್ಬಿಯ ಪಕ್ಕ ಇಟ್ಟ. ಒರಟಾಗಿ ಇಡಲಿಲ್ಲ. ದೋಣಿಯ ಹೊತ್ತಾಯಿತೆಂದು ಟೀಚರಿಗೆ ಸನ್ನೆ ಮಾಡಿ ಮುಂದೆ ನಡೆದ. ಹೊರಡುವಾಗ ಟೀಚರು ಮುದುಕರಿಗೆ ಕೈ ಮುಗಿದರು. ಪೂಕೋಯ ಆ ಮುಗಿದ ಕೈಗಳನ್ನು ನೋಡುತ್ತ ಕುಳಿತರು.

ಈಗ ನಾನು ಅಂಗಡಿಯ ಹಲಗೆಯ ಮೇಲೆ ಇದ್ದೇನೆ. ಗಾಜು ಮಬ್ಬಾಗಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೇನೆ. ಪೂಕೋಯ ದಿನವೂ ಕೀಲಿ ಕೊಡುತ್ತಾರೆ, ಕೈಗೆ ಮಾತ್ರ ಕಟ್ಟುವುದಿಲ್ಲ. ತಪ್ಪು ನನ್ನದಲ್ಲವೆಂದು ನನಗೆ ಗೊತ್ತು. ಆದರೂ ಒಂದು ಮನೆ ಒಡೆದದ್ದು ನನ್ನ ಹೆಸರಿನಲ್ಲಿ. ಕಳೆದ ವಸ್ತು ತಿರುಗಿ ಬಂದರೆ ಕಳೆದದ್ದೆಲ್ಲ ಬಂದಂತೆ ಎಂದು ನಾನೂ ನಂಬಿದ್ದೆ, ಇಲ್ಲಿ ಕುಳಿತ ಮೇಲೆ ಆ ನಂಬಿಕೆ ಹೋಯಿತು.

ಹೋದ ಶುಕ್ರವಾರ ಕಾಸಿಂ ಬಂದಿದ್ದ. ಬೆಂಚಿನ ತುದಿಯಲ್ಲಿ, ಎದ್ದು ಹೋಗಲು ಸುಲಭವಾಗುವಂತೆ ಕುಳಿತ. ಮಾವ ಚಹಾ ತಂದಿಟ್ಟರು. ಅರ್ಧ ಕುಡಿದು ಅವನು ಎದ್ದುಹೋದ. ಉಳಿದ ಅರ್ಧವನ್ನು ಪೂಕೋಯ ಚೆಲ್ಲಲಿಲ್ಲ. ತಣ್ಣಗಾದ ಆ ಲೋಟದ ಮುಂದೆ ಅಂಗಡಿ ಮುಚ್ಚುವ ತನಕ ಕುಳಿತಿದ್ದರು.