ಬನಹಟ್ಟಿಯಿಂದ ಒಯ್ದ ಹಾಡು

ಸುಹಾಸಿನಿಗೆ ಒಂದು ಚಟವಿತ್ತು. ರೇಡಿಯೋದಲ್ಲಿ ಬಾರದ, ಪೇಪರಿನಲ್ಲಿ ಹೆಸರು ಕಾಣದ ಹಾಡುಗಾರರನ್ನು ಹುಡುಕಿಕೊಂಡು ಹೋಗುವುದು, ಬಂದು ಊರಿಗೆಲ್ಲ ಹೇಳುವುದು. ಜಮಖಂಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದದ್ದು ಗಣಿತ. ಬಿಡುವಿನಲ್ಲಿ ಆಡುತ್ತಿದ್ದ ಮಾತೆಲ್ಲ ತೇರದಾಳದ ಸನಾದಿ ಊದುವ ಮುದುಕನದು, ಲೋಕಾಪುರದಲ್ಲಿ ಏಕತಾರಿ ಹಿಡಿದು ಕೂಡುವ ಬಡಿಗನದು. ಹೆಚ್ಚಿನವರು ಹೂಂಗುಟ್ಟಿ ಮರೆಯುತ್ತಿದ್ದರು. ಮನಸ್ಸಿಟ್ಟು ಕೇಳುತ್ತಿದ್ದವರು ಶ್ರೀಧರ ಕಾಕಾ ಒಬ್ಬರೇ.

ಕಾಕಾ ಅವಳ ಓಣಿಯವರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ತಂದೆ ತೀರಿದ ಮೇಲೆ ಅವಳಿಗೆ ರಾಗಗಳ ಗುರುತು ಹೇಳಿಕೊಟ್ಟವರು ಅವರೇ. ರವಿವಾರ ಅವರ ಪಡಸಾಲೆಯಲ್ಲಿ ಗ್ರಾಮಫೋನು, ಚಹಾ. ಹಾಗಾಗಿ ಮರೆವ್ವನ ಸುದ್ದಿಯನ್ನು ಮೊದಲು ಹೇಳಿದ್ದೂ ಅವರಿಗೇ.

ಮರೆವ್ವ ಬನಹಟ್ಟಿಯಲ್ಲಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸು. ವಾರಕ್ಕೊಮ್ಮೆ ಸಂಜೆ ಗುಡಿಯ ಕಟ್ಟೆಯಲ್ಲಿ ಓಣಿಯ ಹೆಂಗಸರೊಡನೆ ಭಜನೆಗೆ ಕೂಡುತ್ತಿದ್ದಳು. ಮಗಳು ತೀರಿಕೊಂಡ ವರ್ಷ ತಾನೇ ಕಟ್ಟಿದ ಹಾಡೊಂದನ್ನು ಕೊನೆಗೆ ಹಾಡುತ್ತಿದ್ದಳು. ಮೇಲಿನ ಸ್ವರ ಮುಟ್ಟಿ, ಅಲ್ಲಿ ನಿಲ್ಲಲಾರದೆ ಜಾರಿ ಇಳಿಯುವ ಧಾಟಿ.

"ಖರೇನ ಅಷ್ಟು ಛಲೋ ಹಾಡ್ತಾಳೇನು?" ಕಾಕಾ ಕೇಳಿದರು.

"ನೀವಽ ಒಮ್ಮೆ ಕೇಳ್ರಿ. ಆದ್ರ ಟೇಪ್ ಗೀಪ್ ಬ್ಯಾಡ್ರಿ ಕಾಕಾ, ಆಕಿಗೆ ಸೇರೂದಿಲ್ಲ."

"ಟೇಪ್ ಯಾಕ? ಕಿವಿ ಅದಾವಲ್ಲ."

ಇಬ್ಬರೂ ಬಸ್ಸು ಹಿಡಿದು ಹೋದರು. ಜೊತೆಗೆ ಗಂಡಸೊಬ್ಬರನ್ನು ಕಂಡು ಮರೆವ್ವ ಹಿಂಜರಿದಳು. "ಅಕ್ಕಾರ, ಇವ್ರು ಯಾರ್ರಿ?"

"ನಮ್ಮವರಽ ರೀ ಮರೆವ್ವ. ಹಾಡ್ರಿ."

ಅವಳು ಹಾಡಿದಳು. ಕಾಕಾ ಕಣ್ಣೊರೆಸಿಕೊಂಡರು. ಆಮೇಲೆ ಒಬ್ಬರೇ ಬನಹಟ್ಟಿಗೆ ಹೋಗಿಬರತೊಡಗಿದರು. ತಾನು ಮೆಚ್ಚಿದ್ದನ್ನು ಇನ್ನೊಬ್ಬರು ಇಷ್ಟು ಹಚ್ಚಿಕೊಂಡರಲ್ಲ ಎಂದು ಸುಹಾಸಿನಿ ಹಿಗ್ಗಿದಳು.

ಮರುವರ್ಷ ಜಮಖಂಡಿ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಮುಂದೆ ಅವಳ ಕಾಲು ನಿಂತಿತು. ಒಳಗೆ ಮರೆವ್ವನ ಹಾಡು. ದನಿ ಮಾತ್ರ ಬೆಳಗಾವಿಯಲ್ಲಿರುವ ಕಾಕಾನ ಸೊಸೆಯದು. ಹಾರ್ಮೋನಿಯಂ, ತಬಲಾ ಎಲ್ಲ ಸೇರಿ ಹಾಡು ಮಿರಮಿರ ಮಿಂಚುತ್ತಿತ್ತು. ಡಬ್ಬಿಯ ಮೇಲೆ, ಸಾಹಿತ್ಯ ಮತ್ತು ಸಂಗೀತ ಶ್ರೀಧರ ಎಂದು ಅಚ್ಚಾಗಿತ್ತು. ಅವಳು ನೇರ ಅವರ ಮನೆಗೆ ಹೋದಳು.

"ಅದು ಮರೆವ್ವನ ಹಾಡು, ಕಾಕಾ."

ಕಾಕಾ ಅಡಿಕೆ ಕತ್ತರಿಸುತ್ತಿದ್ದರು, ತಲೆಯೆತ್ತಲಿಲ್ಲ. "ಓಣ್ಯಾಗಿನ ಹಾಡಿಗೆ ಒಡೆಯರು ಯಾರವಾ? ನಾ ಅದಕ್ಕೊಂದು ರೂಪ ಕೊಟ್ಟೆ. ಇಲ್ಲಾಂದ್ರ ಆಕಿ ಜೋಡಿನಽ ಹೋಗಿಬಿಡ್ತಿತ್ತು."

"ಆಕಿ ಹೆಸರರೆ ಹಾಕಬೇಕಿತ್ತು."

"ಹಾಕಿದ್ರ ಯಾರು ಕೊಳ್ತಾರ? ಸಿಟ್ಟಾಗಬ್ಯಾಡ ಸುಹಾಸಿನಿ. ನೀ ಹೇಳಿದ್ದಕ್ಕಽ ನನಗ ಸಿಕ್ತು. ಇದರಾಗ ನಿನ್ನ ಪುಣ್ಯಾನೂ ಅದ."

ಒಳಗಿನಿಂದ ಚಹಾ ಬಂತು. ಅವಳು ಮುಟ್ಟದೆ ಎದ್ದಳು. ಇಷ್ಟು ವರ್ಷ ಇದೇ ಮನುಷ್ಯನೆದುರು ತನಗೆ ಪ್ರೀತಿಯಾದದ್ದನ್ನೆಲ್ಲ ಬಿಚ್ಚಿಟ್ಟಿದ್ದೆನಲ್ಲ ಎಂದು ಮೆಟ್ಟಿಲಿಳಿಯುವಾಗ ಮೈ ಉರಿಯಿತು. ಆಮೇಲೆಂದೂ ಆ ಪಡಸಾಲೆ ಹತ್ತಲಿಲ್ಲ.

ಭಜನೆಯ ದಿನ ಬನಹಟ್ಟಿಗೆ ಹೋದಳು. ಕಟ್ಟೆಯ ಮೇಲೆ ಮರೆವ್ವ ಆ ಹಾಡನ್ನು ಶುರುಮಾಡಿದ್ದಳಷ್ಟೇ. ಹೊಸದಾಗಿ ಮದುವೆಯಾಗಿ ಓಣಿಗೆ ಬಂದಿದ್ದ ಹುಡುಗಿಯೊಬ್ಬಳು ನಡುವೆಯೇ ಬಾಯಿಹಾಕಿದಳು.

"ಆಯಿ, ಹಂಗಲ್ಲಬೇ ಅದು. ಕ್ಯಾಸೆಟ್ಟಿನಾಗ ಅಲ್ಲಿ ಜಾರೂದಿಲ್ಲ, ನಿಂದರತಾರ. ನೀ ತಪ್ಪು ಹಾಡಾಕತ್ತಿ."

ಒಂದಿಬ್ಬರು ಹೌದೆಂದು ತಲೆಯಾಡಿಸಿದರು. ಮರೆವ್ವ ತಾಳ ಕೆಳಗಿಟ್ಟಳು.

"ನನ್ನ ಮಗಳಿಗೆ ಕಡೀಕ ಉಸರು ನಿಂದರಲಿಲ್ಲಬೇ," ಎಂದಳು ಮೆಲ್ಲಗೆ. "ಅದಕ್ಕಽ ಹಂಗ ಹಾಡತೇನಿ."

ಸುಹಾಸಿನಿಗೆ ತಡೆಯಲಾಗಲಿಲ್ಲ. "ಇದು ಇವರಽ ಕಟ್ಟಿದ ಹಾಡು. ಇಲ್ಲಿ ಬರ್ತಿದ್ದ ಕಾಕಾ ಕದ್ದು ಕ್ಯಾಸೆಟ್ ಮಾಡ್ಯಾರ."

ಮೂಲೆಯಲ್ಲಿದ್ದ ಯಂಕವ್ವ ಎಂಬ ಮುದುಕಿ ಅವಳತ್ತ ನೋಡಿದಳು. "ಅವರನ್ನ ಇಲ್ಲಿ ಕರಕೊಂಡು ಬಂದವರು ಯಾರ್ರಿ ಅಕ್ಕಾರ?"

ಸುಹಾಸಿನಿ ಮರೆವ್ವನತ್ತ ತಿರುಗಿದಳು. "ನಾ ಎಲ್ಲಾರಿಗೂ ಹೇಳ್ತೇನ್ರಿ ಮರೆವ್ವ, ಸಾಲ್ಯಾಗ, ಊರಾಗ, ಇದು ನಿಮ್ಮದಽ ಅಂತ..."

"ಬ್ಯಾಡ್ರಿ." ಮರೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನ ಯಾರಿಗೂ ನನ್ನ ಹೆಸರು ಹೇಳಬ್ಯಾಡ್ರಿ. ಅಷ್ಟು ಮಾಡ್ರಿ ಸಾಕು."

ಮರೆವ್ವ ತಾಳವನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಯಾರೂ ಹೋಗೆನ್ನಲಿಲ್ಲ, ಕೂಡೆಂದೂ ಅನ್ನಲಿಲ್ಲ. ತಾನಿರುವತನಕ ಇವರು ಹಾಡುವುದಿಲ್ಲ ಎಂಬುದು ಸ್ವಲ್ಪ ಹೊತ್ತಿಗೆ ಅವಳಿಗೆ ತಿಳಿಯಿತು. ಎದ್ದು ಚಪ್ಪಲಿ ಮೆಟ್ಟಿದಳು. ಅವಳು ಓಣಿ ತಿರುಗುವವರೆಗೂ ಕಟ್ಟೆಯ ಕಡೆಯಿಂದ ಸಪ್ಪಳವೇ ಬರಲಿಲ್ಲ.