ನಲವತ್ತೈದು ವ್ಯಾಟಿನ ಕಾರ್ಡು

ಗೆರೆಯಮ್ಮ ಎಂಬ ಹೆಸರನ್ನು ಇಟ್ಟವರು ಹೆತ್ತವರಲ್ಲ, ಆಫೀಸಿನವರು. ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಬರೆದವಳು ಅವಳು. ಪಂಪಿನ ಹೊಟ್ಟೆಯೊಳಗೆ ತಿರುಗುವ ಚಕ್ರದ ಅಂಚು ಕೂದಲೆಳೆಯಷ್ಟು ಜರುಗಿದ್ದರೂ ಮೂರು ಮೇಜು ಆಚೆಯಿಂದಲೇ ಕಂಡುಹಿಡಿದು, "ಇದನ್ನ ಕಣ್ಣು ಮುಚ್ಕೊಂಡು ಎಳೆದೋರು ಯಾರು?" ಎಂದು ಕೇಳುತ್ತಿದ್ದಳು. ಎಳೆದವರು ಬಹಳ ಸಲ ಮ್ಯಾನೇಜರೇ ಆಗಿರುತ್ತಿದ್ದರು. ಹೀಗಾಗಿ ಆ ಕಂಪನಿ ಇನ್ನೊಂದು ದೊಡ್ಡ ಕಂಪನಿಯ ಹೊಟ್ಟೆ ಸೇರಿ, ಬೇಡವಾದವರ ಪಟ್ಟಿ ತಯಾರಾದಾಗ ಅವಳ ಹೆಸರು ಮೊದಲ ಸಾಲಿನಲ್ಲೇ ಅಚ್ಚುಕಟ್ಟಾಗಿ ಕೂತಿತ್ತು.

ಮನೆಯಲ್ಲೇ ಇದ್ದರೆ ಕಿಟಕಿಯ ಚೌಕಟ್ಟು ಎಷ್ಟು ವಾಲಿದೆ ಎಂದು ಅಳೆಯುತ್ತಲೇ ತಲೆ ಕೆಡುತ್ತದೆ ಅನ್ನಿಸಿ, ಅವಳು ತಮ್ಮನ ಅಂಗಡಿಗೆ ಹೋಗತೊಡಗಿದಳು. ತಮ್ಮನದು ಹಳೇ ಕಂಪ್ಯೂಟರ್ ಸಾಮಾನಿನ ವ್ಯಾಪಾರ. ಬೀಗ ರಿಪೇರಿಯವನ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಉದ್ದನೆಯ ಒಂದು ಕೋಣೆ, ಎರಡೂ ಕಡೆ ಕಬ್ಬಿಣದ ಕಪಾಟು, ಒಂದು ಮೇಜು, ಒಂದೇ ಕುರ್ಚಿ. ಗಿರಾಕಿ ಆರಾಮಾಗಿ ಕೂತರೆ ಯೋಚನೆ ಮಾಡುತ್ತಾನೆ, ಯೋಚನೆ ಮಾಡಿದರೆ ಕೊಳ್ಳುವುದಿಲ್ಲ ಎಂಬುದು ತಮ್ಮನ ಸಿದ್ಧಾಂತ. ಅವನು ಕೆಟ್ಟವನೇನಲ್ಲ. ಕೆಲವರಿಗೆ ಬಿಕ್ಕಳಿಕೆ ಬರುವ ಹಾಗೆ ಅವನಿಗೆ ಸುಳ್ಳು ಬರುತ್ತಿತ್ತು, ಅಷ್ಟೆ. ತಡೆಯಲು ಹೋದರೆ ಇನ್ನೂ ಜೋರಾಗುತ್ತಿತ್ತು.

"ಅಕ್ಕಾ, ನೀನೇನೂ ಕಷ್ಟಪಡಬೇಡ. ಒಂದೊಂದು ಸಾಮಾನಿಗೂ ವಿವರದ ಚೀಟಿ ಬರೆದು ಅಂಟಿಸು. ನಿನ್ನ ಅಕ್ಷರ ಚೆನ್ನಾಗಿದೆ," ಎಂದಿದ್ದ.

ಅಕ್ಷರ ಚೆನ್ನಾಗಿತ್ತು ನಿಜ. ತೊಂದರೆ ಇದ್ದದ್ದು ವಿವರದಲ್ಲಿ.

ಒಂದು ದಿನ ಹರಾಜಿನಿಂದ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಹನ್ನೊಂದು ಗ್ರಾಫಿಕ್ಸ್ ಕಾರ್ಡು, ಎಲ್ಲ ಒಂದೇ ಮಾದರಿ, ಅಂಗೈಗಿಂತ ಸ್ವಲ್ಪ ಉದ್ದ, ಮೇಲೊಂದು ಪುಟ್ಟ ಫ್ಯಾನು. ಗೆರೆಯಮ್ಮ ಒಂದೊಂದನ್ನೇ ಎತ್ತಿ ಧೂಳು ಊದುತ್ತಿದ್ದವಳು ಏಳನೆಯದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅದರ ಒಂದು ಸ್ಕ್ರೂ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ. ಫ್ಯಾನು ಕಟಕಟ ಅನ್ನುತ್ತಿದೆ ಎಂದು ಆಫೀಸಿನ ರಿಪೇರಿಯವನಿಗೆ ಹತ್ತು ಸಲ ಹೇಳಿ ಸಾಕಾಗಿ, ತಾನೇ ಬಿಚ್ಚಿ, ತಿರುಗಿಸಿ, ಸಡಿಲವಾಗದಿರಲಿ ಎಂದು ಬಣ್ಣ ಹಚ್ಚಿದ್ದು ಅವಳೇ. ಅವಳ ಯಂತ್ರದೊಳಗಿದ್ದ ಕಾರ್ಡು ಅದು.

"ಏನಾಯ್ತು? ಸುಟ್ಟುಹೋಗಿದೆಯಾ?" ತಮ್ಮ ಗಾಬರಿಯಾದ.

"ಇಲ್ಲ. ಇದು ಗೊತ್ತಿರೋದು," ಎಂದಳು. ಆಫೀಸು ಬಿಟ್ಟ ದಿನ ಬಾಗಿಲವರೆಗೂ ಬಂದು ಕಳಿಸಿದವರು ಯಾರೂ ಇರಲಿಲ್ಲ. ಅಂದು ಬಾರದ ಅಳು ಈಗ ಒಂದು ತುಂಡು ಹಸಿರು ಹಲಗೆಗೆ ಬರಬೇಕೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮೂಗು ಒರೆಸಿಕೊಂಡು ಧೂಳಿನ ಮೇಲೆ ತಪ್ಪು ಹೊರಿಸಿದಳು.

ಆಮೇಲೆ ಕೂತು ಚೀಟಿ ಬರೆದಳು. "ನಾಲ್ಕು ಜಿಬಿ ಮೆಮೊರಿ. ಐನೂರ ಹನ್ನೆರಡು ಕೋರ್. ನಲವತ್ತೈದು ವ್ಯಾಟ್, ಬೇರೆ ಕರೆಂಟಿನ ವೈರು ಬೇಡ. ಅರ್ಧ ಎತ್ತರ, ತೆಳು ಕ್ಯಾಬಿನೆಟ್ಟಿಗೂ ಹಿಡಿಸುತ್ತದೆ. ನಾಲ್ಕು ಪರದೆ ಜೋಡಿಸಬಹುದು, ಆದರೆ ಕಿಂಡಿಗಳು ಚಿಕ್ಕವು, ಟೀವಿ ಕೇಬಲ್ಲು ಹೋಗುವುದಿಲ್ಲ. ನಕ್ಷೆ ಕೆಲಸಕ್ಕೆ ಒಳ್ಳೆಯದು. ಆಟಕ್ಕೆ ಬೇಡ."

ತಮ್ಮ ಓದಿದ. ಅವನ ಮುಖ ಹರಳೆಣ್ಣೆ ಕುಡಿದವರಂತಾಯಿತು.

"ಅಕ್ಕಾ, ಇದು ಚೀಟಿಯೋ ಪೊಲೀಸ್ ಕಂಪ್ಲೇಂಟೋ? 'ಆಟಕ್ಕೆ ಬೇಡ' ಅಂತ ಬರೆದ್ರೆ ಯಾರು ತಗೋತಾರೆ?"

"ನಕ್ಷೆ ಬರೆಯೋರು ತಗೋತಾರೆ."

"ಈ ಬೀದಿಲಿ ನಕ್ಷೆ ಬರೆಯೋರು ನೀನೊಬ್ಬಳೇ. ನೀನು ಕಾಸು ಕೊಡಲ್ಲ."

ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಚೀಟಿ ಬದಲಾಗಿತ್ತು. "ನಾಲ್ಕು ಜಿಬಿ! ಆಟಕ್ಕೆ ಸಿಂಹ!" ಎಂದು ತಮ್ಮನ ಕೋಳಿಕಾಲಿನ ಅಕ್ಷರ. ಪೆಟ್ಟಿಗೆಯಲ್ಲಿ ಹತ್ತೇ ಕಾರ್ಡು.

"ಯಾರಿಗೆ ಕೊಟ್ಟೆ?"

"ಒಬ್ಬ ಪೈಲ್ವಾನ್ ಬಂದಿದ್ದ. ಜಿಮ್ಮಿನ ಮಾಸ್ತರಂತೆ. ಕಾರ್ ರೇಸಿನ ಆಟದ ಹುಚ್ಚಂತೆ. ಎಷ್ಟು ಖುಷಿಯಾಗಿ ಹೋದ ಗೊತ್ತಾ!"

ಖುಷಿ ಒಂದು ದಿನ ಬಾಳಿತು. ಮಾರನೆಯ ದಿನ ಬೆಳಗ್ಗೆ ಮೆಟ್ಟಿಲು ಧಡಧಡ ಅಂದಿತು. ಆ ಸದ್ದು ಕೇಳಿದ್ದೇ ತಮ್ಮ "ಅಕ್ಕಾ, ಎರಡು ನಿಮಿಷ," ಎಂದು ಕಪಾಟಿನ ಹಿಂದೆ ಸೇರಿಕೊಂಡ. ಪೈಲ್ವಾನ್ ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಬಂದು, ಇದ್ದ ಒಂದೇ ಕುರ್ಚಿಯ ಮೇಲೆ ಕೂತ. ಕುರ್ಚಿ ನರಳಿತು.

"ಸಿಂಹ ಎಲ್ಲಿ?" ಎಂದ.

"ಕಪಾಟಿನ ಹಿಂದೆ ಇದೆ. ನೀವು ನನ್ನ ಹತ್ರ ಹೇಳಿ," ಎಂದಳು ಗೆರೆಯಮ್ಮ.

"ಮೇಡಂ, ಮೊದಲು ಕೇಬಲ್ಲೇ ಹೋಗಲಿಲ್ಲ. ಅದಕ್ಕೊಂದು ಅಡಾಪ್ಟರ್ ತಂದೆ. ಆಮೇಲೆ ಆಟ ಹಾಕಿದ್ರೆ ನನ್ನ ಕಾರು ಎಮ್ಮೆ ಹೋದ ಹಾಗೆ ಹೋಗುತ್ತೆ. ತಿರುವಿನಲ್ಲಿ ನಿಂತುಬಿಡುತ್ತೆ. ಸೆಗಣಿ ಹಾಕೋದೊಂದು ಬಾಕಿ."

ಗೆರೆಯಮ್ಮನಿಗೆ ನಗು ತಡೆಯಲಾಗಲಿಲ್ಲ. ಕಪಾಟಿನ ಹಿಂದಿನಿಂದಲೂ ಯಾರೋ ಬಾಯಿ ಮುಚ್ಚಿಕೊಂಡು ನಕ್ಕ ಹಾಗೆ ಕೇಳಿಸಿತು. ಪೈಲ್ವಾನ್ ಮಾತ್ರ ನಗಲಿಲ್ಲ.

"ನೋಡಿ, ಕಾರ್ಡಿನದು ತಪ್ಪಿಲ್ಲ. ಇದು ಗುಮಾಸ್ತನ ಜಾತಿದು. ಇಡೀ ದಿನ ಒಂದೇ ಗೆರೆನ ತಪ್ಪಿಲ್ಲದೆ ತೋರಿಸು ಅಂದ್ರೆ ತೋರಿಸುತ್ತೆ. ಓಡು ಅಂದ್ರೆ ಎಲ್ಲಿಗೆ, ಯಾಕೆ ಅಂತ ಕೇಳುತ್ತೆ. ತಪ್ಪು ನಮ್ಮದು. ಸುಳ್ಳು ಹೇಳಿ ಮಾರಿದ್ವಿ," ಎಂದು ಹೇಳಿ, ಅದನ್ನು ವಾಪಸು ಪಡೆದು, ಆಟಕ್ಕೆ ಆಗುವಂಥ ಬೇರೆ ಕಾರ್ಡೊಂದನ್ನು ಅದೇ ಬೆಲೆಗೆ ಕೊಟ್ಟು, ಅದಕ್ಕೆ ಎಂಥ ಕರೆಂಟಿನ ವೈರು ಬೇಕೆಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದಳು. ಪೈಲ್ವಾನ್ ಸಮಾಧಾನವಾಗಿ ಇಳಿದುಹೋದ ಮೇಲೆ ತಮ್ಮ ಜೇಡರಬಲೆ ಹೊತ್ತುಕೊಂಡು ಹೊರಬಂದ.

"ಇನ್ಮೇಲೆ ಚೀಟಿ ನಿಂದೇ. ಏನು ಬೇಕಾದ್ರೂ ಬರ್ಕೋ," ಎಂದ.

ಆ ಮಾತು ಹೇಳಬಾರದಿತ್ತು. ಇಪ್ಪತ್ತೆರಡು ವರ್ಷ ಮ್ಯಾನೇಜರುಗಳ ಮುಂದೆ ನುಂಗಿಕೊಂಡದ್ದನ್ನೆಲ್ಲ ಅವಳು ಚೀಟಿಗಳಲ್ಲಿ ಹೊರಹಾಕಿದಳು. ಹಳೇ ಕೀಬೋರ್ಡಿಗೆ: "ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆ, ಒಂದನ್ನು ಬಿಟ್ಟು. ಯಾವುದು ಎಂದು ಒತ್ತಿ ನೋಡಿ." ಒಂದು ಮಾನಿಟರಿಗೆ: "ಬಲಗಡೆ ಮೇಲ್ತುದಿಯಲ್ಲಿ ಹಳದಿ ಕಲೆ. ಆ ಕಡೆ ನೋಡದವರಿಗೆ ಸೂಕ್ತ." ಆ ಹನ್ನೊಂದು ಕಾರ್ಡುಗಳಿಗೆ: "ನಲವತ್ತೈದು ವ್ಯಾಟಿನ ಗುಮಾಸ್ತ. ಬಿಸಿಯಾಗುವುದಿಲ್ಲ, ಕೂಗಾಡುವುದಿಲ್ಲ, ಬಣ್ಣಬಣ್ಣದ ದೀಪ ಹಾಕಿಕೊಂಡು ಮೆರೆಯುವುದಿಲ್ಲ. ಆಟ ಆಡುವವರು ದಯವಿಟ್ಟು ಮುಟ್ಟಬೇಡಿ, ಇಬ್ಬರಿಗೂ ಬೇಜಾರಾಗುತ್ತದೆ." ತಮ್ಮ ಅವನ್ನೆಲ್ಲ ಹಲ್ಲು ಕಚ್ಚಿಕೊಂಡೇ ಅಂಗಡಿಯ ಇಂಟರ್ನೆಟ್ ಪುಟಕ್ಕೂ ಏರಿಸಿದ. ಜನ ಓದಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಯಾರೂ ಏನೂ ಕೊಳ್ಳಲಿಲ್ಲ.

ಹತ್ತು ದಿನ ಕಳೆದ ಮೇಲೆ ಒಬ್ಬ ಹೆಂಗಸಿನ ಫೋನು ಬಂತು. "ಗುಮಾಸ್ತನ ಚೀಟಿ ಬರೆದೋರು ಯಾರು? ಅವರ ಹತ್ರ ಮಾತಾಡಬೇಕು." ಹಲ್ಲಿನ ಡಾಕ್ಟರುಗಳಿಗೆ ಬೇಕಾದ ಕೃತಕ ಹಲ್ಲು, ಕ್ಯಾಪುಗಳನ್ನು ಕಂಪ್ಯೂಟರಿನಲ್ಲಿ ಬರೆದು, ಯಂತ್ರದಲ್ಲಿ ಕೆತ್ತಿ ಕೊಡುವ ಲ್ಯಾಬಿನ ಒಡತಿ ಆಕೆ. ಪರದೆಯ ಮೇಲೆ ಹಲ್ಲನ್ನು ತಿರುಗಿಸಿದರೆ ಚಿತ್ರ ತಡವರಿಸುತ್ತದಂತೆ. ಹಲ್ಲು ಒಸಡಿಗೆ ಸೇರುವ ಅಂಚಿನ ಗೆರೆ ಚೂರುಚೂರಾಗುತ್ತದಂತೆ. ಆರು ಯಂತ್ರಕ್ಕೂ ಅದೇ ರೋಗ, ಎಲ್ಲವೂ ತೆಳು ಕ್ಯಾಬಿನೆಟ್ಟು. "ಆರು ಕಾರ್ಡು ತಗೊಂಡು ನೀವೇ ಬಂದು ಹಾಕಿಕೊಡ್ತೀರಾ?"

ತಮ್ಮ ಮೇಜಿನ ಸುತ್ತ ಒಂದು ಸುತ್ತು ಕುಣಿದ. ಆರು ಕಾರ್ಡನ್ನೂ ತಾನೇ ಒರೆಸಿ, ಚೀಲಕ್ಕೆ ಹಾಕಿ, ಅಡಾಪ್ಟರುಗಳನ್ನೂ ಇಟ್ಟು, ಮೆಟ್ಟಿಲ ಕೆಳಗಿನವರೆಗೂ ಬಂದು ಅಕ್ಕನನ್ನು ಕಳಿಸಿದ. "ಅಲ್ಲಿ ಜಾಸ್ತಿ ಮಾತಾಡಬೇಡ," ಎಂದೂ ಹೇಳಿದ.

ಲ್ಯಾಬಿನಲ್ಲಿ ಎಲ್ಲಿ ನೋಡಿದರೂ ಬಿಳಿ ಪುಡಿ. ತಟ್ಟೆಗಳ ತುಂಬ ಗಚ್ಚಿನ ದವಡೆಗಳು ಬಾಯಿ ಬಿಟ್ಟುಕೊಂಡು ಕೂತಿದ್ದವು. ಪಕ್ಕದ ಕೋಣೆಯಲ್ಲಿ ಕೆತ್ತುವ ಯಂತ್ರ ಕುಯ್ಯೋ ಅನ್ನುತ್ತಿತ್ತು. ಒಡತಿಯ ಹುಬ್ಬಿನ ಮೇಲೂ ಪುಡಿ. ಆಕೆಯ ಗಂಡ ತಯಾರಾದ ಹಲ್ಲುಗಳನ್ನು ಸಣ್ಣ ಡಬ್ಬಿಗಳಲ್ಲಿ ತುಂಬುತ್ತ, ಬಂದವಳನ್ನು ಅನುಮಾನದಿಂದ ನೋಡಿದ.

ಗೆರೆಯಮ್ಮ ಮೊದಲ ಯಂತ್ರವನ್ನು ಬಿಚ್ಚಿದಳು. ಒಳಗೆ ಆಗಲೇ ಒಂದು ಕಾರ್ಡಿತ್ತು, ಅವಳು ತಂದದ್ದಕ್ಕಿಂತ ಒಳ್ಳೆಯದೇ. ಹಿಂದಕ್ಕೆ ಬಗ್ಗಿ ನೋಡಿದಳು. ಪರದೆಯ ಕೇಬಲ್ಲನ್ನು ಕಾರ್ಡಿನ ಕಿಂಡಿಗೆ ಹಾಕಿರಲಿಲ್ಲ, ಮೇಲಿದ್ದ ಮದರ್‌ಬೋರ್ಡಿನ ಕಿಂಡಿಗೆ ಹಾಕಿದ್ದರು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲೂ ಹಾಗೇ. ಕಾರ್ಡುಗಳು ಮಾವನ ಮನೆ ಸೇರಿದ ಅಳಿಯಂದಿರ ಹಾಗೆ ಒಳಗೆ ಸುಮ್ಮನೆ ಕೂತಿದ್ದವು. ಕೆಲಸವನ್ನೆಲ್ಲ ಬಡ ಮದರ್‌ಬೋರ್ಡು ಒಂದೇ ಎಳೆಯುತ್ತಿತ್ತು.

"ಈ ತೊಂದರೆ ಯಾವಾಗಿಂದ?"

"ಈ ಕಟ್ಟಡಕ್ಕೆ ಬಂದು ಎರಡು ತಿಂಗಳಾಯ್ತು. ಆವಾಗಿಂದ."

"ಇಲ್ಲಿ ಕೇಬಲ್ಲು ಜೋಡಿಸಿದ್ದು ಯಾರು?"

ಒಡತಿ ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ಒಂದು ಯಂತ್ರ ಮೊದಲಿಂದ್ಲೂ ಹಾಗೇ ಇತ್ತು. ಕೆಳಗಿನ ಕಿಂಡಿಗೆ ಹಾಕಿದ್ರೆ ಪರದೆಲಿ ಏನೂ ಬರ್ತಿರಲಿಲ್ಲ, ಅದಕ್ಕೇ ಮೇಲಿಂದಕ್ಕೆ ಹಾಕಿದ್ವಿ. ಇಲ್ಲಿಗೆ ಬಂದಾಗ ಎಲ್ಲದಕ್ಕೂ ಒಂದೇ ಥರ ಇರಲಿ, ಸಾಲಾಗಿ ಚೆನ್ನಾಗಿ ಕಾಣುತ್ತೆ ಅಂತ..." ಎಂದ ಗಂಡ, ಡಬ್ಬಿಯ ಮುಚ್ಚಳ ಹಾಕುತ್ತ, ತೆಗೆಯುತ್ತ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ," ಎಂದಳು ಹೆಂಡತಿ. "ಎರಡು ತಿಂಗಳು! ಕಂಪ್ಯೂಟರ್ ಸತಾಯಿಸುತ್ತೆ ಅಂತ ಇಬ್ಬರು ಕೆಲಸ ಬಿಟ್ಟು ಹೋದ್ರು!"

ಚೀಲದಲ್ಲಿ ಆರು ಕಾರ್ಡು ಇದ್ದವು. ಕೇಬಲ್ಲಿನ ಮಾತೇ ಎತ್ತದೆ ಬಾಯಿ ಮುಚ್ಚಿಕೊಂಡು ಆರನ್ನೂ ಹಾಕಿ, ಕೇಬಲ್ಲನ್ನು ಸರಿಯಾದ ಕಡೆ ಚುಚ್ಚಿ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೆರೆಯಮ್ಮನಿಗೆ ತಮ್ಮನ ಮುಖ ಕಣ್ಣ ಮುಂದೆ ಬಂತು. ಆದರೆ ಅವಳು ಆಗಲೇ ಮೇಜಿನ ಕೆಳಗೆ ನುಗ್ಗಿದ್ದಳು. ಐದು ಕೇಬಲ್ಲು ಕಿತ್ತು ಐದನ್ನೂ ಕೆಳಗಿನ ಕಿಂಡಿಗೆ ಹಾಕಿದಳು. ಆರನೆಯ ಯಂತ್ರದ ಕಾರ್ಡು ನಿಜಕ್ಕೂ ಸತ್ತಿತ್ತು. ಅದರ ಜಾಗಕ್ಕೆ ಚೀಲದಿಂದ ಒಂದು ನಲವತ್ತೈದು ವ್ಯಾಟಿನದನ್ನು ಕೂರಿಸಿ, ಅಡಾಪ್ಟರ್ ಸಿಕ್ಕಿಸಿ, ಯಂತ್ರ ಚಾಲೂ ಮಾಡಿ, ದವಡೆಹಲ್ಲೊಂದನ್ನು ತಿರುಗಿಸಿದಳು. ಅಂಚಿನ ಗೆರೆ ಒಂದೆಡೆಯೂ ತುಂಡಾಗದೆ, ನಡುಗದೆ, ಹಲ್ಲಿನ ಸುತ್ತ ತೆಳ್ಳಗೆ ಹರಿಯಿತು. ಎಷ್ಟು ತಿಂಗಳಾಗಿತ್ತು ಅಂಥ ಗೆರೆ ನೋಡಿ! ಬೇಕಿಲ್ಲದಿದ್ದರೂ ಇನ್ನೊಂದು ಸಲ ತಿರುಗಿಸಿದಳು. ಮತ್ತೊಂದು ಸಲ ತಿರುಗಿಸಿದಳು. ಆಮೇಲೆ ಅಭ್ಯಾಸಬಲದಿಂದ, "ಈ ಅಂಚು ಇಲ್ಲಿ ಸ್ವಲ್ಪ ಒಳಗೆ ಹೋಗಿದೆ. ಕಣ್ಣು ಮುಚ್ಕೊಂಡು ಎಳೆದೋರು ಯಾರು?" ಎಂದುಬಿಟ್ಟಳು.

"ನಾನೇ," ಎಂದಳು ಒಡತಿ.

ಗೆರೆಯಮ್ಮ ನಾಲಿಗೆ ಕಚ್ಚಿಕೊಂಡಳು. ಒಡತಿ ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ಹೌದಲ್ಲ!" ಎಂದಳು.

ಅಂಗಡಿಯಲ್ಲಿ ತಮ್ಮ ಚೀಲ ತೆರೆದು ಎಣಿಸಿದ. ಮತ್ತೆ ಎಣಿಸಿದ. "ಆರು ತಗೊಂಡು ಹೋಗಿ ಐದು ವಾಪಸ್ ತಂದಿದ್ದೀಯಾ! ನೀನು ನನ್ನ ಅಕ್ಕನೋ, ಹಿಂದಿನ ಜನ್ಮದ ವೈರಿಯೋ?"

"ಕೇಬಲ್ಲು ತಪ್ಪು ಕಡೆ ಇತ್ತು ಕಣೋ."

"ಇದ್ರೆ ಇರಲಿ! ನೋಡಿಲ್ಲ ಅನ್ನು! ಕಣ್ಣಿಗೆ ಪುಡಿ ಬಿದ್ದಿತ್ತು ಅನ್ನು!" ಎಂದು ಕೂಗಾಡಿ, ಕೊನೆಗೆ ಇಬ್ಬರಿಗೂ ಚಹಾ ತರಲು ತಾನೇ ಕೆಳಗಿಳಿದು ಹೋದ. ಸಿಟ್ಟು ಬಂದಾಗ ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಮಾರನೆಯ ದಿನ ಒಡತಿ ತಾನೇ ಮೆಟ್ಟಿಲು ಹತ್ತಿ ಬಂದಳು. ಸುತ್ತುಬಳಸು ಮಾತಿಲ್ಲ. "ಎರಡು ಕುರ್ಚಿ ಖಾಲಿ ಇದೆ. ಒಂದಕ್ಕೆ ನೀವು ಬನ್ನಿ."

"ನಾನು ಪಂಪು ಬರೆದೋಳು. ಹಲ್ಲು ಗೊತ್ತಿಲ್ಲ."

"ಎರಡಕ್ಕೂ ನೀರು ತಾಗುತ್ತೆ. ಎರಡೂ ಸೋರಬಾರದು. ಉಳಿದದ್ದನ್ನ ನಾನು ಹೇಳಿಕೊಡ್ತೀನಿ."

ಗೆರೆಯಮ್ಮ ತಮ್ಮನ ಮುಖ ನೋಡಿದಳು. ಅವನು ಬಹಳ ಹೊತ್ತು ಒಂದು ಮೌಸನ್ನು ಒರೆಸುತ್ತಿದ್ದ. "ಹೋಗು ಅಕ್ಕಾ," ಎಂದ ಕೊನೆಗೆ. "ನೀನು ಇಲ್ಲಿದ್ರೆ ನಾನು ಬೀದಿಗೆ ಬರ್ತೀನಿ." ಅದು ಸುಳ್ಳಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಲ್ಯಾಬಿನಲ್ಲಿ ಮೂರು ವಾರ ದವಡೆಹಲ್ಲು ಬರೆದು ಕೈ ಪಳಗಿಸಿಕೊಂಡ ಮೇಲೆ ಅವಳಿಗೆ ಮೊದಲ ಮುಂಬಲ್ಲು ಸಿಕ್ಕಿತು. ಒಬ್ಬ ಬಸ್ ಚಾಲಕನದು. ಎರಡು ದಿನ ಕೂತು ಬರೆದಳು. ಎರಡೂ ಬದಿ ಒಂದೇ ಅಳತೆ, ತುದಿ ನೆಟ್ಟಗೆ, ಮೈ ನುಣ್ಣಗೆ. ಇದಕ್ಕಿಂತ ಚಂದದ ಹಲ್ಲು ಲೋಕದಲ್ಲಿಲ್ಲ ಎಂದುಕೊಂಡು ಕಳಿಸಿದಳು. ಸಂಜೆಯೊಳಗೆ ವಾಪಸು ಬಂತು.

"ಡಾಕ್ಟರ್ ಬೈತಿದ್ದಾರೆ," ಎಂದಳು ಒಡತಿ ನಗುತ್ತ. "ಅವನ ಉಳಿದ ಹಲ್ಲೆಲ್ಲ ಒಂದಕ್ಕೊಂದು ಒರಗಿಕೊಂಡಿವೆಯಂತೆ. ನಿಮ್ಮದು ಮಧ್ಯದಲ್ಲಿ ಪೊಲೀಸಿನವನ ಹಾಗೆ ಸೆಟೆದು ನಿಂತಿದೆಯಂತೆ. ಕನ್ನಡಿ ನೋಡಿ, 'ಇದು ಯಾರದೋ ಹಲ್ಲು, ನಂದಲ್ಲ' ಅಂದನಂತೆ. ಡೊಂಕಾಗಿ ಬರೀರಿ."

"ಡೊಂಕಾಗಿ? ಬೇಕೂಂತಾ?"

"ಬೇಕೂಂತಲೇ."

ಜೀವಮಾನದಲ್ಲಿ ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ಮೊದಲ ಸಲ ಬರೆದದ್ದು ಡೊಂಕೇ ಆಗಲಿಲ್ಲ. ಎರಡನೆಯ ಸಲ ಡೊಂಕಾಯಿತು, ಆದರೆ ಕುಡಿದವನ ಹಾಗೆ ಕಂಡಿತು. ಮೂರನೆಯ ಸಲ ಚಾಲಕನ ಬಾಯಿಯ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡುತ್ತ ಕೂತಳು. ನೋಡನೋಡುತ್ತ ಅವಳಿಗೆ ಹೊಳೆಯಿತು: ಆ ವಾಲುವಿಕೆಗೂ ಒಂದು ಲೆಕ್ಕವಿದೆ, ಒಂದೊಂದು ಹಲ್ಲೂ ಪಕ್ಕದ್ದಕ್ಕೆ ಜಾಗ ಬಿಟ್ಟುಕೊಟ್ಟು ಹಾಗೆ ಬಾಗಿದೆ. ಏಳು ಡಿಗ್ರಿ ವಾಲಿಸಿ, ತುದಿಯಲ್ಲಿ ಒಂದಿಷ್ಟು ಸವೆತ ಬರೆದಳು. ಈ ಸಲ ಹಲ್ಲು ವಾಪಸು ಬರಲಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುತ್ತ ಅವಳು ಎದುರಿಗಿದ್ದವರ ಬಾಯಿಗಳನ್ನೇ ನೋಡಿದಳು. ಎಂಥೆಂಥ ಡೊಂಕು! ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ. ಎದುರು ಸೀಟಿನ ಹೆಂಗಸು ಸ್ವಲ್ಪ ಹೊತ್ತು ಸಹಿಸಿಕೊಂಡು, "ಏನು ಹಾಗೆ ನೋಡ್ತಿದ್ದೀರಿ?" ಎಂದು ಕೇಳಿದಳು.

"ನಿಮ್ಮ ಮುಂದಿನ ಹಲ್ಲು ಎಷ್ಟು ಚೆನ್ನಾಗಿ ಸೊಟ್ಟಗಿದೆ ಅಂತ!" ಎಂದಳು ಗೆರೆಯಮ್ಮ, ಮನಸಾರೆ.

ಎರಡು ನಿಲ್ದಾಣ ಮುಂಚೆಯೇ ಇಳಿದು ಅವಳು ನಡೆದೇ ಮನೆ ಸೇರಬೇಕಾಯಿತು.