ಮೂವತ್ನಾಲ್ಕರಿಂದ ಎಪ್ಪತ್ತೊಂದು

ವಿಜಯಶ್ರೀ ಟೀಚರು ಮೂರನೆಯ ಚೀಟಿಯನ್ನು ಕೈಗೆತ್ತಿಕೊಂಡಾಗಲೇ ನಾಗರತ್ನಾಳಿಗೆ ಗುರುತು ಹತ್ತಿತು. ಗೆರೆಯ ಹಾಳೆ, ನಾಲ್ಕು ಮಡಿಕೆ, ಮೂಲೆಯಲ್ಲಿ ಒಡೆದ ಪೆನ್ನಿನ ನೀಲಿ ಕಲೆ.

ಜೂನಿನ ಒಂದು ಶನಿವಾರ ಜೀವನ ಕೌಶಲದ ತರಗತಿಯಲ್ಲಿ ಬರೆದದ್ದು ಅದು. ಒಂಬತ್ತನೆಯ ತರಗತಿಯವರನ್ನು ಗುಂಡಗೆ ಕೂಡಿಸಿ ಟೀಚರು ಹೇಳಿದ್ದರು: "ಸಾಲ್ಯಾಗ ನಿಮಗ ಬಾಯಿ ಬಿಡಾಕ ಏನ ಅಡ್ಡ ಬರತೈತಿ, ಬರೀರಿ. ನಾ ಒಬ್ಬಾಕೆ ಓದಿ ಹರದ ಒಗಿತೇನಿ."

ನಾಗರತ್ನಾ ನಂಬಿ ಬರೆದಿದ್ದಳು. ಬರೆದ ಮೇಲೆ ಎದೆ ಹಗುರಾಗಿತ್ತು. ಬರಬರುತ್ತ ಎದ್ದು ನಿಂತು ಮಾತಾಡುವುದು, ತಿಳಿಯದ್ದನ್ನು ಕೇಳುವುದು ರೂಢಿಯಾಯಿತು. ಹಾಗೆ ಕೇಳಿ ಕೇಳಿಯೇ ವಿಜ್ಞಾನದ ಅಂಕ ಮೂವತ್ನಾಲ್ಕರಿಂದ ಎಪ್ಪತ್ತೊಂದಕ್ಕೆ ಏರಿತ್ತು.

ಮಕ್ಕಳ ಇಂಥ ಏಳಿಗೆಯನ್ನು ತೋರಿಸಲೆಂದೇ ಇಂದು ಪಾಲಕರ ಸಭೆ. ಜೀವನ ಕೌಶಲದ ತರಗತಿ ನಡೆಸುವ ಸಂಸ್ಥೆಯ ಇಬ್ಬರು ಹುಕ್ಕೇರಿಯಿಂದ ಬಂದಿದ್ದರು. ಅವ್ವ ಸೀತವ್ವ ನಾಗನೂರಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ನಿಲ್ಲಿಸಿದ್ದ ಕುರಿಗಳನ್ನು ಗಂಡನಿಗೆ ಒಪ್ಪಿಸಿ ನೆಟ್ಟಗೆ ಅಲ್ಲಿಂದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.

"ಮೂವತ್ನಾಕ ಇತ್ತು. ಈಗೆಷ್ಟ ಹೇಳ? ಎಪ್ಪತ್ತೊಂದ," ಎಂದಳು ಬಾಜೂ ಕೂತ ಗೌರವ್ವನಿಗೆ.

"ಬಂದಾಗಿಂದ ಮೂರ ಸಲ ಹೇಳೀಬೇ."

"ನಾಕನೇದ್ದೂ ಕೇಳ."

ಟೀಚರು ಮೈಕಿಗೆ ಬಾಗಿದರು. "ಹೆಸರು ಹೇಳೂದಿಲ್ರಿ. ವಿಜ್ಞಾನದಾಗ ಮೂವತ್ನಾಕರಿಂದ ಎಪ್ಪತ್ತೊಂದಕ್ಕ ಬಂದ ಹುಡುಗಿ. ಮೊದಲ ಹೆಂಗಿದ್ಲು, ಕೇಳ್ರಿ."

ಅಂಕಿ ಕೇಳಿದ್ದೇ ಸೀತವ್ವ ಚಪ್ಪಾಳೆಗೆ ಕೈ ಎತ್ತಿದಳು. ಟೀಚರು ಚೀಟಿ ಓದಿದರು:

"'ನಮ್ಮವ್ವ ಕುರಿ ವಾಸನೆಯ ಸೀರೆಯಲ್ಲೇ ಶಾಲೆಗೆ ಬರುತ್ತಾಳೆ. ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಮೈಯೂ ನಾರಬಹುದೆಂದು ನಾನು ಎದ್ದು ನಿಲ್ಲುವುದಿಲ್ಲ. ಅವ್ವ ಶಾಲೆಗೆ ಬರಬಾರದು.'"

ಸಂಸ್ಥೆಯವರು ಚಪ್ಪಾಳೆ ತಟ್ಟಿದರು. ಗೌರವ್ವ ತಲೆ ತಗ್ಗಿಸಿದಳು. ಸೀತವ್ವನ ಎತ್ತಿದ ಕೈಗಳು ಮೆಲ್ಲಗೆ ಮಡಿಲಿಗೆ ಇಳಿದವು.

ಸಭೆ ಮುಗಿದ ಮೇಲೆ ನಾಗರತ್ನಾ ಟೀಚರನ್ನು ಪಡಸಾಲೆಯಲ್ಲಿ ತಡೆದಳು.

"ಹರದ ಒಗಿತೇನಿ ಅಂದಿದ್ರಿ."

"ನಿನ್ನ ಹೆಸರ ಹೇಳಲಿಲ್ಲಲ್ಲವಾ. ನೀ ಎಷ್ಟ ಮ್ಯಾಲ ಬಂದಿ ಅಂತ ಅವರಿಗೆ ತೋರಸಬೇಕಿತ್ತು."

"ಅಂಕಿ ಹೇಳಿದ್ರಿ. ನಮ್ಮವ್ವಗ ಸಾಲೀದು ಅದೊಂದ ಗೊತ್ತಿತ್ರಿ."

ಟೀಚರು ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು.

ಮಸಗುಪ್ಪಿಯ ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ತಾಯಿ ಮಗಳು ಜೋಡಿಯಾಗಿ ನಡೆದರು.

"ಅವ್ವಾ, ಅದು ಜೂನಿನ್ಯಾಗ ಬರದದ್ದು."

"ಹೂಂ. ಹೊಟ್ಟಿ ಹಸದೈತೇನ?"

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಗಡೆಯ ಕಬ್ಬು ಸರಸರನೆ ಬಾಗಿ, ಆ ಕಡೆಯಿಂದ ಮಗಳತ್ತ ಗಾಳಿ ಬೀಸಿತು. ಎಡಕ್ಕಿದ್ದ ಸೀತವ್ವ ಸೆರಗನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡಳು. ಆಮೇಲೆ ಒಂದು ಹೆಜ್ಜೆ ಹಿಂದೆ ಉಳಿದು, ಮಗಳ ಬೆನ್ನ ಹಿಂದಿನಿಂದ ದಾಟಿ, ಬಲಗಡೆಗೆ ಬಂದು ನಡೆಯತೊಡಗಿದಳು.